ಚಕ್ಕೋತದ ಮುಂದೆ ಮಂಡಿಯೂರಿದ ಕಿಣ್ವ ಸಾಹೇಬರಿಗೆ

ಗೆ,
ಮದ್ದು ಮುರಿಯುವ ಕಿಣ್ವ ಮಹಾಶಯರು,
ಸಣ್ಣ ಕರುಳಿನ ಒಳಗೋಡೆ (ಹಿರಿಯ ಶಾಖೆ: ಪಿತ್ತಜನಕಾಂಗ),
ನಮ್ಮ ಭಾವನವರ ಹೊಟ್ಟೆ.

ಮಾನ್ಯರೇ,

ಕಣ್ಣಿಗೆ ಕಾಣದಷ್ಟು ಚಿಕ್ಕವರಾಗಿದ್ದೂ ಅನಾಹುತ ಮಾಡುವುದರಲ್ಲಿ ಯಾವ ದೊಡ್ಡ ಮನುಷ್ಯರಿಗೂ ಕಡಿಮೆಯಿಲ್ಲದ ತಮ್ಮ ಪಾದಗಳಿಗೆ, ಪಾದಗಳೆಂಬುವು ತಮಗೆ ಇದ್ದ ಪಕ್ಷದಲ್ಲಿ, ಮರದ ಯಾರ್ಡಿನ ಕ್ರೇನಿಗೆ ಕೈಸನ್ನೆ ತೋರಿಸಿ ಹೊಟ್ಟೆ ಹೊರೆಯುವ ಈ ಬಡವನು ತಲೆಯ ಮೇಲಿನ ಟೋಪಿ ತೆಗೆದು ನಮಸ್ಕರಿಸಿ ಬರೆದುಕೊಳ್ಳುವುದೇನೆಂದರೆ, ನಾವು ಇಲ್ಲಿ ಕ್ಷೇಮವಾಗಿರಲಿಲ್ಲ, ಅದಕ್ಕೆ ಕಾರಣ ತಾವು ಅಲ್ಲಿ ಕ್ಷೇಮವಾಗಿರದಿದ್ದದ್ದು ಎಂದು ಈಚೆಗಷ್ಟೇ ತಿಳಿದುಬಂದಿದೆ. ಆದಕಾರಣ ಹೆತ್ತವರ, ಹೆಂಡತಿಯ, ಮಕ್ಕಳ ಕ್ಷೇಮಕ್ಕಿಂತ ಮೊದಲು ತಮ್ಮ ಕ್ಷೇಮವನ್ನು ಕೋರಬೇಕಾದ ಗತಿ ನಮಗೆ ಬಂದಿದೆ. ಏನು ಮಾಡುವುದು, ಕೋರಿದ್ದೇನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂದು ಹಿರಿಯರು ಹೇಳಿದ್ದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಹಿರಿಯರು ಕಂಡ ಸುಂಕದವನು ಕಟ್ಟೆಯ ಮೇಲೆ ಎಚ್ಚರವಾಗಿಯಾದರೂ ಕುಳಿತಿದ್ದ. ತಮ್ಮಷ್ಟು ಸೊಗಸಾಗಿ ಸತ್ತು ಬಿದ್ದ ಸುಂಕದವನನ್ನು ಅವರು ಕಂಡಿರಲಾರರು ಎಂಬ ಧೈರ್ಯದಿಂದ ಮುಂದುವರಿಯುತ್ತೇನೆ.

ತಾವು ಯಾರ ಹೊಟ್ಟೆಯಲ್ಲಿ ಬಿಡಾರ ಹೂಡಿದ್ದೀರಿ ಎಂಬುದು ತಮಗೇ ತಿಳಿಯದಿರಬಹುದು, ದೊಡ್ಡ ಹುದ್ದೆಯಲ್ಲಿರುವವರಿಗೆ ಮನೆಯ ಯಜಮಾನನ ಗುರುತು ಸಿಗುವುದು ಕಡಿಮೆ. ಅವರು ನನ್ನ ಅಕ್ಕನ ಗಂಡ, ನನ್ನ ಭಾವ. ನಮ್ಮ ಯಾರ್ಡಿನ ದೊಡ್ಡ ಕ್ರೇನಿನ ನೆತ್ತಿಯಲ್ಲಿರುವ ಗಾಜಿನ ಗೂಡಿನಲ್ಲಿ ಕುಳಿತು, ಹಡಗಿನಲ್ಲಿ ಬಂದಿಳಿದ ಮರದ ದಿಮ್ಮಿಗಳ ಕಟ್ಟನ್ನು ಎತ್ತಿ ಲಾರಿಯ ಮೇಲೆ ಇಳಿಸುವುದು ಅವರ ಕಸುಬು. ಕೆಳಗೆ ನಿಂತು ಎತ್ತು, ಇಳಿಸು, ಎಡಕ್ಕೆ, ಬಲಕ್ಕೆ ಎಂದು ಕೈಯಲ್ಲೇ ಮಾತಾಡುವುದು ನನ್ನ ಕಸುಬು. ಮೇಲಿರುವವರಿಗೆ ಕೆಳಗಿನದು ಸರಿಯಾಗಿ ಕಾಣುವುದಿಲ್ಲ, ಕೆಳಗಿರುವವರ ಮಾತು ಮೇಲಕ್ಕೆ ಕೇಳಿಸುವುದಿಲ್ಲ; ಇದು ಎಲ್ಲ ಕಚೇರಿಗಳಲ್ಲೂ ಇರುವುದೇ ಆದರೂ ನಮ್ಮಲ್ಲಿ ಅದಕ್ಕೊಂದು ಕಟ್ಟಳೆಯಿದೆ. ಎತ್ತು, ಇಳಿಸು ಎಂಬುದನ್ನು ಭಾವ ನನ್ನೊಬ್ಬನ ಕೈಯಿಂದ ಮಾತ್ರ ಕೇಳಬೇಕು. ನಿಲ್ಲು ಎಂಬುದನ್ನು ಮಾತ್ರ ಯಾರು ಹೇಳಿದರೂ, ಅಂಗಳ ಗುಡಿಸುವ ಅಜ್ಜಿ ಪೊರಕೆ ಎತ್ತಿ ಹೇಳಿದರೂ, ಆ ಕ್ಷಣವೇ ಕೇಳಬೇಕು. ನೆಲದ ಮೇಲೆ ಕಾಲಿಟ್ಟರೆ ತಡವರಿಸುವ ನಮ್ಮ ಭಾವ ಆ ಗೂಡಿನಲ್ಲಿ ಕುಳಿತರೆ ಆನೆಯ ತೂಕದ ಕಟ್ಟನ್ನು ತೊಟ್ಟಿಲ ಕೂಸಿನಂತೆ ಇಳಿಸುತ್ತಾರೆ. ಯಾರ್ಡಿನವರೆಲ್ಲ ಅವರನ್ನು 'ಹದ್ದಪ್ಪ' ಎಂದೇ ಕರೆಯುವುದು.

ಈ ಹದ್ದಪ್ಪನವರಿಗೆ ಹೋದ ವರ್ಷ ರಕ್ತದೊತ್ತಡ ಏರಿತು. ಡಾಕ್ಟರಮ್ಮ ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ತಿಂಗಳುಗಟ್ಟಲೆ ಎಲ್ಲ ಸರಿಯಾಗಿತ್ತು, ತಾವೂ ಸರಿಯಾಗಿದ್ದಿರಿ, ನಮಗೆ ತಮ್ಮ ಹೆಸರೂ ಗೊತ್ತಿರಲಿಲ್ಲ, ಆ ಕಾಲವನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಅಷ್ಟರಲ್ಲಿ ಅಕ್ಕನ ಹಿತ್ತಲಿನ ಚಕ್ಕೋತದ ಮರ, ಅಲ್ಲಿಯವರೆಗೆ ಬರೀ ಎಲೆ ಉದುರಿಸುವುದನ್ನೇ ಬದುಕೆಂದುಕೊಂಡಿದ್ದದ್ದು, ಈ ಸಲ ಇದ್ದಕ್ಕಿದ್ದಂತೆ ಕೊಂಬೆ ಬಾಗುವಷ್ಟು ಹಣ್ಣು ಬಿಟ್ಟಿತು.

ಇಲ್ಲಿ ತಾವು ನಮ್ಮ ಕಸುಬಿನ ಒಂದು ಗುಟ್ಟನ್ನು ತಿಳಿಯಬೇಕು. ಗೂಡಿನಲ್ಲಿ ಕೂರುವವರು ನೀರು ಕುಡಿಯುವುದಿಲ್ಲ. ಕುಡಿದರೆ ಇಳಿಯಬೇಕು, ಇಳಿಯಲು ಉದ್ದದ ಕಬ್ಬಿಣದ ಏಣಿ, ಇಳಿದು ಹತ್ತುವಷ್ಟರಲ್ಲಿ ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತವೆ, ಮೇಸ್ತ್ರಿ ಏಳು ತಲೆಮಾರನ್ನು ನೆನೆದು ಬಯ್ಯುತ್ತಾನೆ. ಆದ್ದರಿಂದ ಅವರೆಲ್ಲ ಏನಾದರೊಂದು ಹುಳಿಯನ್ನು ಸಣ್ಣ ಫ್ಲಾಸ್ಕಿನಲ್ಲಿ ಒಯ್ದು, ಬಾಯಿ ಒಣಗಿದಾಗ ಒಂದು ಗುಟುಕು ಹಾಕಿ ನಾಲಿಗೆಯಲ್ಲೇ ಹೊತ್ತು ಕಳೆಯುತ್ತಾರೆ. ಭಾವನ ಫ್ಲಾಸ್ಕಿಗೆ ಅಕ್ಕ ಚಕ್ಕೋತದ ರಸ ಹಿಂಡಿ ತುಂಬತೊಡಗಿದಳು. ಮನೆಯಲ್ಲಿ ಮಾತ್ರೆ ನುಂಗಲು ಮರೆಯುತ್ತಾರೆಂದು ಫ್ಲಾಸ್ಕಿನ ಮುಚ್ಚಳಕ್ಕೆ ಮಾತ್ರೆಯನ್ನೂ ಕಾಗದ ಸುತ್ತಿ ಅಂಟಿಸಿ ಕೊಟ್ಟಳು. ಮದ್ದು, ರಸ ಎರಡೂ ಒಂದೇ ಗುಟುಕಿನಲ್ಲಿ, ಮೋಡದ ಪಕ್ಕದಲ್ಲಿ ಕುಳಿತು! ಇದಕ್ಕಿಂತ ಚೆನ್ನಾದ ಏರ್ಪಾಡು ಯಾವ ಹೆಂಡತಿ ಮಾಡಿಯಾಳು?

ಭಾವನಿಗೆ ತಲೆ ತಿರುಗತೊಡಗಿತು. ಏಣಿ ಇಳಿದವರು ಕೆಳಗಿನ ಮೆಟ್ಟಿಲನ್ನು ಹಿಡಿದು ನಿಂತೇ ಇರುತ್ತಿದ್ದರು. 'ಏನು ಭಾವ?' ಅಂದರೆ, 'ಏನಿಲ್ಲ ಕಣೋ, ನೆಲ ಸ್ವಲ್ಪ ಅಲ್ಲಾಡ್ತಿದೆ, ನಿಲ್ಲೋವರೆಗೆ ಕಾಯ್ತಿದ್ದೀನಿ' ಎನ್ನುತ್ತಿದ್ದರು. ಅಕ್ಕ ಅದಕ್ಕೆ ಕಾರಣ ಕಂಡುಹಿಡಿದಳು: 'ಆ ಗಾಜಿನ ಡಬ್ಬೀಲಿ ಬಿಸಿಲಿಗೆ ಬೇಯ್ತಾರಲ್ಲ, ಅದಕ್ಕೇ. ತಂಪಿಗೆ ಇನ್ನೊಂದು ಲೋಟ ಹಿಂಡ್ತೀನಿ.' ಇನ್ನೊಂದು ಲೋಟಕ್ಕೆ ತಲೆ ಇನ್ನಷ್ಟು ತಿರುಗಿತು. ಭಾವ ತಮ್ಮ ಪಾಲಿನ ಸಂಶೋಧನೆ ಮಾಡಿದರು: 'ಈ ಮಾತ್ರೇದೇ ಕಿತಾಪತಿ. ಹಣ್ಣು ಇರೋದಕ್ಕೆ ಹೇಗೋ ತಡೆದುಕೊಂಡಿದ್ದೀನಿ.' ಹೀಗೆ ಗಂಡ ಹೆಂಡತಿ, ಮದುವೆಯಾದಾಗಿನಿಂದ ಯಾವುದಕ್ಕೂ ಒಮ್ಮತಕ್ಕೆ ಬರದಿದ್ದವರು, ಇನ್ನೂ ಒಂದು ಲೋಟ ಹೆಚ್ಚಿಗೆ ಕುಡಿಯಬೇಕೆಂಬ ವಿಷಯದಲ್ಲಿ ಒಮ್ಮತಕ್ಕೆ ಬಂದರು. ಅವರ ದಾಂಪತ್ಯಕ್ಕೆ ಇಂಥ ಸಾಮರಸ್ಯ ತಂದುಕೊಟ್ಟ ಪುಣ್ಯವನ್ನು ಯಾರು ಏನೇ ಹೇಳಲಿ ತಮ್ಮ ಖಾತೆಗೇ ಹಾಕಬೇಕು.

ಆ ದಿನದ ಸಂಗತಿಗೆ ಬರುತ್ತೇನೆ. ಊಟದ ಗಂಟೆ ಹೊಡೆಯಲು ಸ್ವಲ್ಪವೇ ಮುಂಚೆ, ಕೊನೆಯ ಕಟ್ಟು ಲಾರಿಯ ಕಡೆಗೆ ತೇಲಿ ಬರುತ್ತಿತ್ತು. ಲಾರಿಯ ಡ್ರೈವರ್ ಕಟ್ಟಳೆಯ ಪ್ರಕಾರ ಇಳಿದು ದೂರ ನಿಲ್ಲಬೇಕು. ಈತ ಸೀಟಿನ ಮೇಲೆ ಅಡ್ಡಾಗಿ, ಕಾಲುಗಳನ್ನು ಕಿಟಕಿಯಿಂದ ಹೊರಗೆ ಚಾಚಿ ಗೊರಕೆ ಹೊಡೆಯುತ್ತಿದ್ದ. ಆ ಪಾದಗಳನ್ನು ಕಂಡದ್ದೇ ತಡ ನಾನು ನಿಲ್ಲು ಎಂದು ಕೈ ಬೀಸಿದೆ. ಕಟ್ಟು ನಿಲ್ಲಲಿಲ್ಲ. ಎರಡೂ ಕೈ ಬೀಸಿದೆ. ಗುಡಿಸುವ ಅಜ್ಜಿ ಪೊರಕೆ ಬೀಸಿದಳು. ಕಟ್ಟು ಲಾರಿಯ ಮುಂಭಾಗದ ಮೇಲೆ ಬಂದು, ಅಲ್ಲಿಂದ ಕೆಳಗಿಳಿಯತೊಡಗಿತು. ನಾನು ಓಡಿ ಆ ಎರಡು ಪಾದಗಳನ್ನೇ ಹಿಡಿದು ಎಳೆದೆ. ಅವನು ಅರ್ಧ ಕಿಟಕಿಯಲ್ಲಿ, ಅರ್ಧ ನನ್ನ ಮೇಲೆ ಬಿದ್ದುಕೊಂಡು, 'ಥೂ ನಿನ್ನ, ನಿದ್ದೆ ಮಾಡೋಕೂ ಬಿಡಲ್ವೇನೋ?' ಎಂದ. ಆಮೇಲೆ ಮೇಲೆ ನೋಡಿದ. ಅಂದಿನಿಂದ ನನಗಿಂತ ಹಿರಿಯನಾದ ಆ ಮನುಷ್ಯ ನನ್ನನ್ನು 'ಅಪ್ಪಾ' ಎಂದು ಕರೆಯುತ್ತಾನೆ.

ಕಟ್ಟು ಲಾರಿಯ ತಗಡಿಗೆ ತಾಗುವಷ್ಟರಲ್ಲಿ ನಿಂತಿತು. ನಿಲ್ಲಿಸಿದ್ದು ಭಾವನಲ್ಲ, ತಾವಂತೂ ಅಲ್ಲವೇ ಅಲ್ಲ. ಕ್ರೇನಿನ ಹಿಡಿಕೆಗೆ ಒಂದು ಸ್ಪ್ರಿಂಗು ಇದೆ, ಹಿಡಿದ ಕೈ ಸಡಿಲವಾದರೆ ಅದು ತಾನಾಗಿ ನಡುವಿಗೆ ಬಂದು ನಿಲ್ಲುತ್ತದೆ, ಬ್ರೇಕು ಬೀಳುತ್ತದೆ. ಯಾವುದೋ ಕಾರ್ಖಾನೆಯಲ್ಲಿ ಸಗಟಿನಲ್ಲಿ ತಯಾರಾದ, ತುಕ್ಕು ಹಿಡಿದ, ಹೆಸರಿಲ್ಲದ ಸ್ಪ್ರಿಂಗು. ತಮ್ಮ ವಂಶಕ್ಕೆ ಕೋಟ್ಯಂತರ ವರ್ಷದ ಇತಿಹಾಸವಿದೆಯಂತೆ. ಆ ಸ್ಪ್ರಿಂಗಿನ ಹತ್ತಿರ ಒಂದು ವಾರ ಕೆಲಸ ಕಲಿಯಲು ತಮಗೆ ಬಿಡುವಾದೀತೇ?

ಏಣಿ ಹತ್ತಿ ಹೋದೆ. ಭಾವ ಗಾಜಿಗೆ ಹಣೆ ಒತ್ತಿಕೊಂಡು ಕುಳಿತಿದ್ದರು, ಮೈ ತಣ್ಣಗೆ ಬೆವರಿತ್ತು. 'ನಾನು ನಿಧಾನಕ್ಕೇ ಇಳಿಸ್ದೆನಲ್ಲೋ,' ಎಂದರು, 'ಕೆಳಗೆ ಯಾಕೆ ಎಲ್ಲರೂ ಕುಣೀತಿದ್ದೀರಿ?' ಎಂದವರೇ ತಡಕಾಡಿ ಫ್ಲಾಸ್ಕನ್ನೆತ್ತಿ, ನಾನು ಬಾಯಿ ಬಿಡುವುದರೊಳಗೆ, ಉಳಿದಿದ್ದ ರಸವನ್ನೆಲ್ಲ ಗಟಗಟ ಕುಡಿದುಬಿಟ್ಟರು.

ಡಾಕ್ಟರಮ್ಮನ ಕೋಣೆಯಲ್ಲಿ ಭಾವನ ತೋಳಿಗೆ ಪಟ್ಟಿ ಸುತ್ತಿದಾಗ ರಕ್ತದೊತ್ತಡದ ಮುಳ್ಳು ನೆಲ ಕಚ್ಚಿತು. ಅವರು ಹುಬ್ಬು ಗಂಟಿಕ್ಕಿ ಎರಡೆರಡು ಸಲ ನೋಡಿ, 'ದಿನಕ್ಕೆ ಎಷ್ಟು ಮಾತ್ರೆ ನುಂಗ್ತಿದ್ದೀರಿ? ನಿಜ ಹೇಳಿ,' ಎಂದರು. 'ನೀವು ಬರೆದುಕೊಟ್ಟಷ್ಟೇ ಡಾಕ್ಟ್ರೇ, ಒಂದು.' 'ಯಾವುದರ ಜೊತೆ?' ಅಕ್ಕ ಹೆಮ್ಮೆಯಿಂದ ಫ್ಲಾಸ್ಕನ್ನು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಮುಚ್ಚಳ ತೆಗೆದು ಮೂಸಿದರು. ಮೂಸಿ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಆ ಮುಚ್ಚಿದ ಕಣ್ಣಿನ ಹಿಂದಿನಿಂದಲೇ, ಮಾನ್ಯರೇ, ತಮ್ಮ ಹೆಸರು ನಮ್ಮ ಮನೆತನದೊಳಕ್ಕೆ ಪ್ರವೇಶ ಮಾಡಿದ್ದು.

ಅವರು ತಮ್ಮ ಕುಲವನ್ನು ಬಹಳ ಹೊಗಳಿದರು, ನಾನು ಕಿವಿಯಾರೆ ಕೇಳಿದೆ. ಜೀವಕೋಶದೊಳಗೆ ಯಾವ ಕೆಲಸವೂ ತನ್ನಷ್ಟಕ್ಕೆ ಸಲೀಸಾಗಿ ನಡೆಯುವುದಿಲ್ಲವಂತೆ. ಇರುವ ಸ್ಥಿತಿಗೂ ಆಗಬೇಕಾದ ಸ್ಥಿತಿಗೂ ನಡುವೆ ಒಂದು ಗುಡ್ಡ ಅಡ್ಡವಿರುತ್ತದಂತೆ. ಕಿಣ್ವವೆಂಬುದು ಆ ಗುಡ್ಡವನ್ನು ತಗ್ಗಿಸಿ ಕೊಡುವ ಆಳು. ಸರಕು ಬಂದು ಅದರ ಮೈಮೇಲಿನ ಒಂದು ಗುಳಿಯಲ್ಲಿ ಕೂರುತ್ತದೆ, ಕ್ಷಣಾರ್ಧದಲ್ಲಿ ಬೇರೆ ರೂಪ ತಾಳಿ ಎದ್ದು ಹೋಗುತ್ತದೆ, ಆಳಿಗೆ ಒಂದು ಗೀರೂ ಬೀಳುವುದಿಲ್ಲ, ಮುಂದಿನದಕ್ಕೆ ಸಿದ್ಧ. ಒಬ್ಬೊಬ್ಬರ ಗುಳಿಯ ಆಕಾರವೇ ಬೇರೆ, ಅವರವರ ಸರಕು ಅವರವರಿಗೆ. ಇನ್ನು ಶಿಸ್ತೋ, ಕೇಳಿದರೆ ನಮ್ಮ ಮೇಸ್ತ್ರಿ ನಾಚಿ ನೀರಾಗಬೇಕು. ಸಾಲಾಗಿ ನಿಂತು ಒಂದು ವಸ್ತುವನ್ನು ತಯಾರಿಸುವಾಗ, ಅದು ಸಾಕಷ್ಟಾಯಿತೆಂದರೆ, ಆ ತಯಾರಾದ ವಸ್ತುವೇ ಹಿಂದಕ್ಕೆ ಹೋಗಿ ಮೊದಲನೆಯ ಆಳಿನ ಬೆನ್ನಿನ ಮೇಲೆ ಕೈಯಿಡುತ್ತದಂತೆ, ಬೆನ್ನು ಮುಟ್ಟಿದರೆ ಎದೆಯ ಗುಳಿ ಮುಚ್ಚಿಕೊಳ್ಳುತ್ತದಂತೆ, ಕೆಲಸ ನಿಲ್ಲುತ್ತದಂತೆ. ವಸ್ತು ಕಡಿಮೆಯಾದರೆ ಕೈ ತಾನಾಗಿ ಜಾರುತ್ತದೆ, ಕೆಲಸ ಮತ್ತೆ ಶುರು. ಕೆಲವರಿಗೆ ಕೊರಳಿಗೆ ಒಂದು ಬಿಲ್ಲೆ ಕಟ್ಟಿದರೆ ಮಾತ್ರ ಎಚ್ಚರ, ಬಿಚ್ಚಿದರೆ ನಿದ್ದೆ. ಅನ್ನ ಅರಗಿಸುವ ಕೆಲವು ಚೂರಿಯಂಥ ಕಿಣ್ವಗಳಂತೂ ಮನೆಯಲ್ಲಿ ಯಾರಿಗೂ ಗಾಯವಾಗದಿರಲೆಂದು ಒರೆಯೊಳಗೇ ಹುಟ್ಟಿ, ಕರುಳಿಗೆ ಬಂದ ಮೇಲಷ್ಟೇ ಒರೆ ಕಳಚುತ್ತವಂತೆ. ಎಂಥ ಮನೆತನ! ಎಂಥ ಮರ್ಯಾದೆ!

ಇಂಥ ವಂಶದಲ್ಲಿ ತಾವು ಹುಟ್ಟಿದಿರಿ. ಹಾಲಿನ ಕೊಡದಲ್ಲಿ ಹುಣಸೆಹಣ್ಣು ಎಂದು ಬರೆಯಲು ಕೈ ಬಂದಿತ್ತು, ತಡೆದುಕೊಂಡಿದ್ದೇನೆ.

ತಮ್ಮ ಗುಳಿಗೆ ಆಕಾರವೆಂಬ ಕಟ್ಟುಪಾಡಿಲ್ಲವಂತೆ. ದೊಡ್ಡ ಚೀಲದ ಬಾಯಿಯಂತೆ ತೆರೆದಿಟ್ಟು, ಪರಸ್ಥಳದಿಂದ ಯಾರು ಬಂದರೂ, ಮುಖ್ಯವಾಗಿ ಮದ್ದುಗಳು ಬಂದರೆ, ಬರಮಾಡಿಕೊಂಡು, ಎದೆಯಲ್ಲಿಟ್ಟುಕೊಂಡಿರುವ ಕಬ್ಬಿಣದ ಕಣದಿಂದ ಒಂದು ಆಮ್ಲಜನಕವನ್ನು ಅವುಗಳಿಗೆ ತಗುಲಿಸಿ ಕೆಡಿಸಿ, ಹೊರಗೆ ಹೋಗುವ ದಾರಿ ತೋರಿಸುತ್ತೀರಂತೆ. ವಿಷದಿಂದ ಮೈಯನ್ನು ಕಾಯಲು ಕೊಟ್ಟ ಅಧಿಕಾರ, ಒಪ್ಪಿದೆ. ಆದರೆ ಡಾಕ್ಟರಮ್ಮ ಮೆಲ್ಲಗೆ ಹೇಳಿದ ಮಾತಿಗೆ ಭಾವ ಕುರ್ಚಿಯಿಂದ ಎದ್ದು ನಿಂತರು. 'ನೀವು ನುಂಗಿದ ಮಾತ್ರೇಲಿ ಬಹುಪಾಲು ಅದೇ ತಿಂದು ಹಾಕುತ್ತೆ. ಅದು ತಿಂದು ಮಿಕ್ಕಿದ್ದು ನಿಮಗೆ ಸಾಕಾಗಲಿ ಅಂತ ಲೆಕ್ಕ ಹಾಕಿಯೇ ಮಾತ್ರೆ ಅಷ್ಟು ದಪ್ಪ ಮಾಡಿರೋದು.'

'ಅಂದ್ರೆ, ಕಳ್ಳನ ಪಾಲನ್ನೂ ಸೇರಿಸಿ ಕೊಡ್ತೀರಾ ಡಾಕ್ಟ್ರೇ?'

'ಹಾಗೇ ಅಂದ್ಕೊಳ್ಳಿ. ಈಗ ನಿಮ್ಮ ಚಕ್ಕೋತ ಆ ಕಳ್ಳನ್ನ ಮುಗಿಸಿದೆ. ಪಾಲೆಲ್ಲಾ ನಿಮಗೇ ಬಂದಿದೆ.'

'ಕಳ್ಳ ಸತ್ತರೆ ಒಳ್ಳೇದೇ ಆಯ್ತಲ್ಲ!'

'ಒಳ್ಳೇದೇ. ಒಂದು ಮಾತ್ರೆ ನುಂಗಿ ಹಲವಾರು ನುಂಗಿದ ಹಾಗಾಯ್ತು. ಅದಕ್ಕೇ ನೀವು ಇಲ್ಲಿ ಕೂತಿದ್ದೀರಿ.'

ಮಾನ್ಯರೇ, ಲಂಚ ತಿನ್ನುವ ಅಧಿಕಾರಿಗಳನ್ನು ನಾನು ಕಂಡಿದ್ದೇನೆ. ಆದರೆ ಒಂದು ದಿನ ಲಂಚ ತಿನ್ನದೆ ಮಲಗಿದ್ದರಿಂದಲೇ ಜನರ ಪ್ರಾಣ ತೆಗೆಯಲು ಹೊರಟ ಅಧಿಕಾರಿಯನ್ನು ಈವರೆಗೆ ಕಂಡಿರಲಿಲ್ಲ. ಇಡೀ ವೈದ್ಯ ಪ್ರಪಂಚವೇ ತಮ್ಮ ಹಸಿವನ್ನು ಅಳೆದು ಅದಕ್ಕೊಂದು ಎಡೆ ತೆಗೆದಿಟ್ಟು ಆಮೇಲೆ ರೋಗಿಗೆ ಬಡಿಸುತ್ತದೆಂದರೆ, ತಮ್ಮ ಪ್ರತಿಷ್ಠೆಗೆ ಇನ್ನೇನು ಕಿರೀಟ ಬೇಕು?

ಇಷ್ಟಕ್ಕೂ ತಾವು ಸೋತದ್ದು ಯಾರಿಗೆ? ಹುಲಿಗಲ್ಲ, ಸಿಡಿಲಿಗಲ್ಲ. ಸೋತ ಬಗೆಯನ್ನು ಕೇಳಿದಾಗ ನನಗೆ ನಮ್ಮೂರಿನಲ್ಲಿ ಅಜ್ಜಿ ಹೇಳುತ್ತಿದ್ದ ಕಥೆ ನೆನಪಾಯಿತು. ಒಬ್ಬ ಅರಸನ ಕೋಟೆಯ ಬಾಗಿಲಲ್ಲಿ ಒಬ್ಬ ಕಾವಲುಗಾರನಿದ್ದನಂತೆ, ಬಂದವರ ಗಂಟನ್ನೆಲ್ಲ ತಾನೇ ಬಿಚ್ಚಿ, ತಾನೇ ಕೈಹಾಕಿ ಕಲಕದಿದ್ದರೆ ಅವನಿಗೆ ಸಮಾಧಾನವಿಲ್ಲ. ಒಂದು ದಿನ ಮರದ ಅಂಟು ಮಾರುವ ಮುದುಕಿ ಬಂದಳು. 'ಗಡಿಗೆ ಮುಚ್ಚಿಯೇ ಇರಲಪ್ಪ, ಒಳಗಿರೋದು ಅಂಟು,' ಅಂದಳು. 'ಅಂಟೋ ಗಂಟೋ, ನಾನು ನೋಡಬೇಕು,' ಎಂದು ಅವನು ಮುಚ್ಚಳ ಒಡೆದು ಮೊಣಕೈವರೆಗೆ ಕೈಯಿಳಿಸಿದ. ಒಂದು ಕೈ ಬಿಡಿಸಿಕೊಳ್ಳಲು ಇನ್ನೊಂದನ್ನೂ ಇಳಿಸಿದ. ಮುದುಕಿ ಗಡಿಗೆಯನ್ನು ಅವನಿಗೇ ಬಿಟ್ಟು ಕೋಟೆಯೊಳಗೆ ಹೋದಳು, ಅವಳ ಹಿಂದೆ ಊರೆಲ್ಲ ಹೋಯಿತು, ಕುರಿ ಹೋಯಿತು, ಕೋಣ ಹೋಯಿತು, ಕಾವಲುಗಾರ ಗಡಿಗೆ ತಬ್ಬಿಕೊಂಡು ಕುಳಿತೇ ಇದ್ದ. ಅರಸ ಅವನನ್ನು ಬಿಡಿಸುವ ಗೋಜಿಗೆ ಹೋಗದೆ, ಗಡಿಗೆ ಸಮೇತ ಹೊರಗೆ ಹಾಕಿ ಹೊಸಬನನ್ನು ತಂದು ನಿಲ್ಲಿಸಿದ.

ತಮ್ಮ ವಿಷಯದಲ್ಲಿ ಅಕ್ಷರಶಃ ಇದೇ ಆಗಿದೆಯಂತೆ. ಚಕ್ಕೋತದ ರಸದಲ್ಲಿರುವ ಒಂದು ವಸ್ತು ತನ್ನಷ್ಟಕ್ಕೆ ಸಾಧುವಂತೆ, ತಾವು ಸುಮ್ಮನಿದ್ದರೆ ಅದೂ ಸುಮ್ಮನೆ ಹೋಗುತ್ತಿತ್ತಂತೆ. ತಾವು ಬಿಡಬೇಕಲ್ಲ! ಅದನ್ನೂ ಹಿಡಿದು ಗುಳಿಯಲ್ಲಿ ಕೂರಿಸಿ, ತಮ್ಮ ಹಳೆಯ ಚಾಳಿಯಂತೆ ಅದಕ್ಕೂ ಆಮ್ಲಜನಕ ತಗುಲಿಸಿದ್ದೀರಿ. ತಗುಲಿಸಿದ ಕೂಡಲೇ ಅದು ಅಂಟಾಗಿ ತಮ್ಮನ್ನೇ ಹಿಡಿದುಕೊಂಡಿದೆ. ಬಿಡಿಸಿಕೊಳ್ಳುವ ಉಪಾಯವಿಲ್ಲ, ತೊಳೆದರೆ ಹೋಗುವುದಿಲ್ಲ, ಸತ್ತಂತೆಯೇ ಲೆಕ್ಕ. ಅಂದರೆ ತಮ್ಮನ್ನು ಕೊಂದದ್ದು ಹಣ್ಣೂ ಅಲ್ಲ, ತಮ್ಮ ಕೈಗುಣ. ಬೆನ್ನ ಮೇಲೆ ಕೈಯಿಟ್ಟರೆ ನಿಲ್ಲುವ ದಾಯಾದಿಗಳ ನಡುವೆ, ಕೈ ಅಂಟಿಕೊಂಡು ನಿಂತ ಶೂರರು ತಾವೊಬ್ಬರೇ.

ಮನೆಗೆ ಬಂದ ಮೇಲಿನ ಕಥೆಯೂ ತಮಗೆ ತಿಳಿದಿರಲಿ. ಯಾರ್ಡಿನ ಮ್ಯಾನೇಜರು ಖಂಡಿತವಾಗಿ ಹೇಳಿಬಿಟ್ಟರು: ಡಾಕ್ಟರಮ್ಮ ತಲೆಸುತ್ತು ಪೂರ್ತಿ ಹೋಯಿತೆಂದು ಬರೆದುಕೊಟ್ಟರೆ ಭಾವ ಮತ್ತೆ ಮೇಲೆ, ಇಲ್ಲವಾದರೆ ಇನ್ನು ಬದುಕಿರುವವರೆಗೂ ಗೇಟಿನ ಹತ್ತಿರ ಸ್ಟೂಲು. ಹದ್ದಪ್ಪನಿಗೆ ಸ್ಟೂಲು! ಭಾವ ಆ ರಾತ್ರಿಯ ಊಟವನ್ನು ಮುಟ್ಟಲಿಲ್ಲ. 'ಮಾತ್ರೆ ಬಿಟ್ಟುಬಿಡ್ತೀನಿ,' ಎಂದರು, 'ಹಣ್ಣು ಯಾರನ್ನಾದರೂ ಕೊಂದದ್ದುಂಟಾ? ಮರದಲ್ಲಿ ಬೆಳೆದದ್ದು ತಪ್ಪು, ಡಬ್ಬೀಲಿ ಬಂದದ್ದು ಸರಿ, ಇದ್ಯಾವ ನ್ಯಾಯ?' ಅಕ್ಕ ಮೂಲೆಯಲ್ಲಿ ಕುಳಿತು, 'ನಾನೇ ನನ್ನ ಕೈಯಾರೆ ಹಿಂಡಿ ಹಿಂಡಿ ಕೊಟ್ಟೆನಲ್ಲೋ,' ಎಂದು ನನ್ನ ಕಡೆ ನೋಡಿ ಅತ್ತಳು. ಅವಳು ಅಳುವುದನ್ನು ನಾನು ಕಂಡದ್ದು ಕಡಿಮೆ. ಭಾವ ಎದ್ದು ಹೋಗಿ, ಅರ್ಧ ಹೆಚ್ಚಿಟ್ಟಿದ್ದ ಹಣ್ಣನ್ನು ಹೊರಗೆ ಬಿಸಾಡಿ, ನೀರಿನ ಲೋಟ ತುಂಬಿಸಿಕೊಂಡು ಬಂದು ಅವಳ ಮುಂದೆಯೇ ಕುಳಿತು, 'ನೋಡು, ಇನ್ಮೇಲೆ ಮಾತ್ರೆ ಇದರಲ್ಲೇ. ಅಳಬೇಡ ಮಾರಾಯ್ತಿ, ಅತ್ತರೆ ನನ್ನ ಬಿಪಿ ಏರುತ್ತೆ, ಆಮೇಲೆ ಅದಕ್ಕೊಂದು ಮಾತ್ರೆ,' ಎಂದರು. ಮದ್ದು ಮುರಿಯುವ ತಮ್ಮಂಥವರಿಗೆ ಇಂಥವೆಲ್ಲ ಅರ್ಥವಾಗಲಿಕ್ಕಿಲ್ಲ; ಬರೆದದ್ದನ್ನು ಹೊಡೆದುಹಾಕಲು ಮನಸ್ಸಿಲ್ಲ, ಇರಲಿ.

ಆಮೇಲೆ ಕಾಯುವ ಪಾಳಿ ಬಂತು. ಅಂಟಿಕೊಂಡ ತಮ್ಮನ್ನು ಕೋಶದವರು ಗಡಿಗೆ ಸಮೇತ ಹೊರಗೆ ಹಾಕಿ, ತಮ್ಮ ಜಾಗಕ್ಕೆ ಹೊಸಬರನ್ನು ಹೊಸದಾಗಿಯೇ ತಯಾರಿಸಬೇಕು, ಅದಕ್ಕೆ ಕೆಲವು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಮಾತ್ರೆಯೂ ಬೇಡ ಎಂದು ಡಾಕ್ಟರಮ್ಮ ಹೇಳಿದ್ದರು. ಒಬ್ಬ ಗುಮಾಸ್ತನ ವರ್ಗಾವಣೆಯಾದರೆ ಹೊಸಬ ಬರುವವರೆಗೆ ಊರು ಹೇಗೆ ಕೈಕಟ್ಟಿ ಕೂರುತ್ತದೋ ಹಾಗೆ ನಮ್ಮ ಮನೆ ಕುಳಿತಿತು. ಅಕ್ಕ ಬೆಳಿಗ್ಗೆ ಎದ್ದ ಕೂಡಲೇ, 'ಏನ್ರೀ, ಬಂದ್ರಾ?' ಎನ್ನುವಳು. ಭಾವ ಹೊಟ್ಟೆ ಸವರಿಕೊಂಡು, 'ಇನ್ನೂ ಸುಳಿವಿಲ್ಲ ಕಣೇ, ದಾರೀಲಿ ಎಲ್ಲೋ ಕಾಫಿ ಕುಡೀತಿರಬೇಕು,' ಎನ್ನುವರು. ಹಗಲು ಹೊತ್ತು ಯಾರ್ಡಿಗೆ ಬಂದು ನನ್ನ ಪಕ್ಕದಲ್ಲಿ ನಿಂತು, ಬದಲಿಗೆ ಬಂದಿದ್ದ ಕ್ರೇನಿನವನನ್ನು ನೋಡುತ್ತ ಹಲ್ಲು ಕಡಿಯುವರು: 'ನೋಡೋ, ಹೇಗೆ ಎಳೀತಾನೆ! ದಿಮ್ಮಿ ಅಂದ್ಕೊಂಡಿದ್ದಾನಾ ಎಮ್ಮೆ ಅಂದ್ಕೊಂಡಿದ್ದಾನಾ?' ಆ ಬಡಪಾಯಿ ಚೆನ್ನಾಗಿಯೇ ಮಾಡುತ್ತಿದ್ದ, ಆದರೆ ಹಾಗೆಂದು ಹೇಳುವಷ್ಟು ಎದೆಗಾರಿಕೆ ನನಗಿರಲಿಲ್ಲ.

ತಮ್ಮ ಉತ್ತರಾಧಿಕಾರಿಗಳು ಬಂದರು. ಬಂದದ್ದನ್ನು ಯಾರೂ ಕಾಣಲಿಲ್ಲ, ಮಾತ್ರೆ ಮತ್ತೆ ಶುರುವಾದ ಮೇಲೂ ಮುಳ್ಳು ನಿಲ್ಲಬೇಕಾದಲ್ಲಿ ನಿಂತಿತು, ಅಷ್ಟೇ. ಡಾಕ್ಟರಮ್ಮ ಕೆಲವು ದಿನ ಬಿಟ್ಟು ಮತ್ತೆ ನೋಡಿ, ಕೂರಿಸಿ ನೋಡಿ, ನಿಲ್ಲಿಸಿ ನೋಡಿ, ಕಡೆಗೆ ಬರೆದುಕೊಟ್ಟರು. ಭಾವ ಏಣಿ ಹತ್ತಿದ ಬೆಳಿಗ್ಗೆ ಗುಡಿಸುವ ಅಜ್ಜಿ ಪೊರಕೆ ಕಂಕುಳಲ್ಲಿಟ್ಟುಕೊಂಡು ಕತ್ತೆತ್ತಿ ನೋಡುತ್ತ, 'ಏನಾದ್ರೂ ಆಗ್ಲಿ, ನಾನಂತೂ ಇಲ್ಲೇ ನಿಂತಿರ್ತೀನಪ್ಪಾ,' ಎಂದಳು. ನಾನು ಇಳಿಸು ಎಂದೆ, ಇಳಿಸಿದರು. ನಿಲ್ಲು ಎಂದೆ, ನಿಲ್ಲಿಸಿದರು. ಸುಮ್ಮನೆ ಪರೀಕ್ಷೆಗೆಂದು ಅಜ್ಜಿಯೂ ಒಮ್ಮೆ ಪೊರಕೆ ಎತ್ತಿದಳು. ಕಟ್ಟು ಗಾಳಿಯಲ್ಲೇ ನಿಂತಿತು.

ಇನ್ನು ನನ್ನ ಬಿನ್ನಹಗಳು, ತಾವು ಈಡೇರಿಸುವುದಿಲ್ಲವೆಂಬ ಪೂರ್ಣ ವಿಶ್ವಾಸದಿಂದ ಬರೆಯುತ್ತಿದ್ದೇನೆ. ಕರುಳಿನ ಗೋಡೆಯ ಮೇಲೆ, ಮದ್ದಿನ ಕಣ್ಣಿಗೆ ಬೀಳುವ ಹಾಗೆ, 'ಇಂದು ಅಧಿಕಾರಿಗಳು ಇಲ್ಲ' ಎಂದು ಒಂದು ಹಲಗೆ ತೂಗಿಸಬೇಕು. ಸಾಯುವ ಮುನ್ನ ಒಂದು ದಿನದ ನೋಟೀಸು ಕೊಡಬೇಕು. ಕೆಲವು ಸೊಪ್ಪಿನ ಕಷಾಯ ಕುಡಿದರೆ ತಾವು ಸೋಲುವುದಿರಲಿ, ಕೋಶದೊಳಕ್ಕೆ ಹೇಳಿಕಳಿಸಿ ನೆಂಟರಿಷ್ಟರನ್ನೆಲ್ಲ ಕರೆಸಿ ಹುದ್ದೆ ಕೊಟ್ಟು, ಒಬ್ಬರಿದ್ದ ಕಡೆ ಹಲವರಾಗಿ, ಮಾತ್ರೆಯ ಪುಡಿಯನ್ನೂ ಉಳಿಸದೆ ತಿನ್ನುತ್ತೀರೆಂದೂ ಡಾಕ್ಟರಮ್ಮ ಎಚ್ಚರಿಸಿದ್ದಾರೆ. ಆ ನೇಮಕಾತಿಯನ್ನು ದಯವಿಟ್ಟು ತಡೆಹಿಡಿಯಬೇಕು. ಇವುಗಳಲ್ಲಿ ಯಾವುದೂ ಆಗದಿದ್ದರೆ ತಾವು ಮರ್ಯಾದೆಯಾಗಿ ರಾಜೀನಾಮೆ ಕೊಟ್ಟು ತಮ್ಮ ಜಾಗಕ್ಕೆ ನಮ್ಮ ಅಕ್ಕನನ್ನು ನೇಮಿಸಬೇಕು.

ಯಾಕೆಂದು ಕೇಳುವಿರಾದರೆ, ಮರದ ತುಂಬ ಇನ್ನೂ ಹಣ್ಣಿದೆ. ಕಡಿಯುವುದಕ್ಕೆ ಅಕ್ಕ ಒಪ್ಪಲಿಲ್ಲ, 'ಪಾಪ, ಮರ ಏನು ಮಾಡಿತು?' ಎಂದಳು. ಬೀದಿಯವರಿಗೆ ಹಂಚುತ್ತಿದ್ದಾಳೆ. ಹಿತ್ತಲಿನ ಬಾಗಿಲಲ್ಲಿ ಹಣ್ಣನ್ನು ಸೊಂಟದ ಮೇಲಿಟ್ಟುಕೊಂಡು ನಿಂತು, ಕೈ ಚಾಚಿದವರನ್ನು ತಲೆಯಿಂದ ಕಾಲಿನವರೆಗೆ ನೋಡಿ ಕೇಳುತ್ತಾಳೆ: 'ನೀವು ಯಾವ ಮಾತ್ರೆ ತಗೋತೀರಿ? ನಿಮ್ಮ ಅತ್ತೆ? ಹೆಸರು ಗೊತ್ತಿಲ್ವಾ? ಹೋಗಿ ಡಬ್ಬಿ ತಗೊಂಡು ಬನ್ನಿ, ಡಾಕ್ಟರಮ್ಮನಿಗೆ ತೋರಿಸಿ ಕೇಳ್ತೀನಿ.' ಮೊನ್ನೆ ಮೇಸ್ತ್ರಿ ಬಂದು ಹಲ್ಲುಕಿರಿದು, 'ಒಂದೇ ಒಂದು ಕೊಡಮ್ಮಾ, ನಂಗೇನೂ ಕಾಯಿಲೆ ಇಲ್ಲ,' ಅಂದ. 'ಇಲ್ಲ ಅಂತ ನಿಮಗೆ ಹೇಳಿದ್ಯಾರು? ಕೈ ಕೊಡಿ ಇಲ್ಲಿ,' ಎಂದು ನಾಡಿ ಹಿಡಿಯಲು ಹೋದಳು, ಅವನು ಹಣ್ಣಿಲ್ಲದೆ ಓಡಿದ. ಕೊಡಬೇಕಾದವರಿಗೆ ಕೊಡುತ್ತಾಳೆ, ಕೊಡಬಾರದವರಿಗೆ ಅವರ ಅಪ್ಪ ಬಂದರೂ ಕೊಡುವುದಿಲ್ಲ. ಕೈಗೆ ಅಂಟು ಮೆತ್ತಿಸಿಕೊಂಡಿಲ್ಲ. ಬಾಗಿಲು ಕಾಯುವುದು ಎಂದರೆ ಇದು, ಮಾನ್ಯರೇ. ಕೋಟ್ಯಂತರ ವರ್ಷದ ಅನುಭವ ಬೇಕಾಗಲಿಲ್ಲ. ಒಂದು ಸಲ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಸಾಕಾಯಿತು.

ಬೆನ್ನ ಮೇಲೆ ತಕ್ಕವರ ಕೈ ತಮಗೂ ಒಂದಲ್ಲ ಒಂದು ದಿನ ಬೀಳಲೆಂದು ಹಾರೈಸುತ್ತ,

ತಮ್ಮ ವಿಶ್ವಾಸಿ (ಬೇರೆ ದಾರಿ ಇಲ್ಲದ್ದರಿಂದ),
ಕ್ರೇನಿಗೆ ಕೈಸನ್ನೆ ಮಾಡುವವನು

ಮರೆತ ಮಾತು: ಡ್ರೈವರನ ಕಾಲು ಎಳೆದ ದಿನದಿಂದ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು; ನಿನ್ನೆ ಡಾಕ್ಟರಮ್ಮ ನನ್ನ ತೋಳಿಗೂ ಪಟ್ಟಿ ಸುತ್ತಿ, ಭಾವನಿಗೆ ಕೊಟ್ಟ ಮಾತ್ರೆಯನ್ನೇ ನನಗೂ ಬರೆದಿದ್ದಾರೆ. ಆದಕಾರಣ ಮೇಲಿನ ಪತ್ರದಲ್ಲಿ ಎಲ್ಲೆಲ್ಲಿ ಕಳ್ಳ, ಲಂಚಕೋರ ಎಂಬರ್ಥದ ಮಾತುಗಳು ಬಂದಿವೆಯೋ ಅವೆಲ್ಲ ಭಾವನವರ ಹೊಟ್ಟೆಯ ಶಾಖೆಗೆ ಮಾತ್ರ ಅನ್ವಯಿಸುತ್ತವೆ ಎಂದೂ, ನನ್ನ ಹೊಟ್ಟೆಯ ಶಾಖೆಯಲ್ಲಿರುವ ತಾವು ಪರಮ ಸಜ್ಜನರೆಂದು ಊರೆಲ್ಲ ಹೇಳುತ್ತದೆಂದೂ, ದಿನಾ ಬೆಳಿಗ್ಗೆ ಮಾತ್ರೆಯಲ್ಲಿ ತಮ್ಮ ಪಾಲನ್ನು ತಪ್ಪದೆ ತೆಗೆದುಕೊಂಡು ಹಾಯಾಗಿರಬೇಕೆಂದೂ ಕೈಮುಗಿದು ಕೇಳಿಕೊಳ್ಳುತ್ತೇನೆ.